ಕೋಲಿನ ತುದಿಗೆ ಸಿಕ್ಕ ಕಲ್ಲು

ಕಣ್ಣಿನ ಆಸ್ಪತ್ರೆಯಲ್ಲಿ ಸರದಿಗೆ ಕಾದು ಕೂತಿದ್ದ ದರ್ಜಿಯ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಕರಿ ಕನ್ನಡಕದ ಮುದುಕರೊಬ್ಬರು ಗ್ರಾನೈಟ್ ನೆಲದ ಮೇಲೆ ತಮ್ಮ ಕೋಲನ್ನು ಗೇಣು ಗೇಣಿಗೆ ಸರಿಸಿ ಊರುತ್ತಿದ್ದರು. ತುದಿ ಊರಿದ ಕಡೆ ಯಾವ ಬಣ್ಣದ ಚುಕ್ಕೆಯಿದೆಯೆಂದು ಅವರ ಹೆಂಡತಿ ಬಗ್ಗಿ ನೋಡಿ ಹೇಳುತ್ತಿದ್ದರು.

“ಬಿಳೀದು. ಕರೀದು. ಮತ್ತೆ ಬಿಳೀದು.”

“ಲ್ಯಾಬಲ್ಲಿ ನಾನು ನೋಡಿ ಹೇಳ್ತಿದ್ದೆ, ನೀನು ಗುಂಡಿ ಒತ್ತಿ ಎಣಿಸ್ತಿದ್ದೆ. ಈಗ ಉಲ್ಟಾ ಆಯ್ತಲ್ಲೇ.”

“ಹೂಂ. ಕಲ್ಲನ್ನ ಈರುಳ್ಳಿ ಪೊರೆ ಥರ ಉಜ್ಜಿ ಮೈಕ್ರೊಸ್ಕೋಪ್ ಕೆಳಗಿಟ್ರೆ ನಿಮಗೆ ಊಟದ ನೆನಪೂ ಇರ್ತಿರ್ಲಿಲ್ಲ.”

“ಯಾವ ಖನಿಜ ಎಷ್ಟಿದೆ ಅಂತ ಚುಕ್ಕೆ ಚುಕ್ಕೆ ನೋಡ್ಬೇಕಲ್ಲ. ಕಮ್ಮಿ ಎಣಿಸಿದ್ರೆ ತಪ್ಪು ಜಾಸ್ತಿ.”

“ನಮ್ಮ ಮೊದಲ್ನೇ ಕಲ್ಲಿಗೆ ಎಣಿಸಿದಷ್ಟೇ ಸಾಕು ಅಂದಿದ್ರು ಲ್ಯಾಬ್ ಸಾಹೇಬ್ರು. ತಪ್ಪು ಅರ್ಧಕ್ಕಿಳೀಬೇಕು ಅಂತ ಹಟ ಹಿಡಿದಿದ್ದು ನೀವು.”

“ಅರ್ಧಕ್ಕಿಳೀಬೇಕಂದ್ರೆ ನಾಲ್ಕು ಪಟ್ಟು ಚುಕ್ಕೆ ಎಣಿಸ್ಬೇಕು. ಲೆಕ್ಕ ಅಂದ್ರೆ ಲೆಕ್ಕ.”

“ನಾಲ್ಕು ಪಟ್ಟು ಹೊತ್ತು ನಾನು ಪಕ್ಕದಲ್ಲಿ ಕೂತಿರ್ಬೇಕು. ಗೊತ್ತಿತ್ತು ಬಿಡಿ.”

ಮುದುಕರ ಕೋಲು ನಿಂತಿತು. “ಗೊತ್ತಿತ್ತಾ? ಮತ್ಯಾಕೆ ಬಾಯಿ ಬಿಡ್ಲಿಲ್ಲ?”

“ಉಳಿದ ತಪ್ಪನ್ನೂ ಇನ್ನೊಂದ್ಸಲ ಅರ್ಧ ಮಾಡಿ ಅನ್ನೋಣ ಅಂತಿದ್ದೆ. ನಾಚಿಕೆ ಆಯ್ತು.”

ದರ್ಜಿ ನಗು ತಡೆಯಲಾಗದೆ ಗೋಡೆಯ ಕಡೆ ಮುಖ ತಿರುಗಿಸಿದ. ಅಷ್ಟರಲ್ಲಿ ನರ್ಸ್ ಬಂದು ಮುದುಕರನ್ನು ಒಳಗೆ ಕರೆದಳು.

“ಇನ್ಮೇಲೆ ಕಾಣೋದೇ ಇಲ್ಲ ಅಂದ್ಬಿಟ್ರೆ ಡಾಕ್ಟ್ರು?”

“ನಾನು ನೋಡಿ ಹೇಳ್ತೀನಲ್ಲ. ಏಳಿ.”

ಆಕೆ ಗಂಡನ ಮೊಣಕೈ ಹಿಡಿದು ನಡೆಸಿದರು. ಬಾಗಿಲ ಹತ್ತಿರ ಮುದುಕರು ಕೋಲೂರಿ ನಿಂತರು.

“ಇಲ್ಲೀತನಕ ಎಣಿಸಿದ್ದು ಸಾಕೇನೇ?”

“ಸಾಲ್ದು. ವಾಪಸ್ ಬರ್ತಾ ಮತ್ತೆ ಎಣಿಸೋಣ.”