ಇಪ್ಪತ್ತನೆಯ ಹೆಸರು

ಮಧ್ಯಾಹ್ನ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಮರುದಿನ ಬೆಳಿಗ್ಗೆ ತಮ್ಮನಿಗೆ ಆಪರೇಷನ್. ಆಸ್ಪತ್ರೆಯ ಲ್ಯಾಬಿನ ಎದುರು ಒಬ್ಬೊಬ್ಬ ರೋಗಿಯ ಕಡೆಯವರಿಗೆ ಒಂದೊಂದು ನಂಬರಿನ ಬೆಂಚು. ನಮ್ಮ ಬೆಂಚಿನಲ್ಲಿ ಒಂಬತ್ತು ಜನ ಒತ್ತಿಕೊಂಡು ಕೂತಿದ್ದೆವು. ಮಕ್ಕಳನ್ನೂ ಬಿಡದೆ ಎಲ್ಲರನ್ನೂ ಕರೆಸಿದವಳು ಸೋದರತ್ತೆ, ಇದೇ ಲ್ಯಾಬಿನ ಕಂಪ್ಯೂಟರ್ ಕೋಣೆಯಲ್ಲಿ ಮೂವತ್ತು ವರ್ಷ ದುಡಿದವಳು. ಭಾವ ಮನೆಗೆ ಹೋಗಿಬರುತ್ತೇನೆಂದು ಎದ್ದದ್ದೇ ತಡ, ಗದರಿದಳು.

"ಕೂತ್ಕೊಳ್ಳಿ. ಒಂದು ಕತೆ ಹೇಳ್ತೀನಿ. ಆಮೇಲೂ ಹೋಗೋ ಧೈರ್ಯ ಇದ್ರೆ ಹೋಗಿ.

"ನಾಳೆ ಯಾರಿಗೆ ಆಪರೇಷನ್, ಯಾರ ಮೈಗೆ ಯಾವ ಔಷಧಿ ಆಗಲ್ಲ ಅನ್ನೋ ಪಟ್ಟೀನ ದಿನಾ ಐದು ಗಂಟೆಗೆ ನಾನು ಆಪರೇಷನ್ ಕಟ್ಟಡದ ಸರ್ವರ್‌ಗೆ ಕಳಿಸ್ಬೇಕಿತ್ತು. ಅದು ಮೂರಂಕಿಯಲ್ಲಿ ಉತ್ತರ ಕೊಡುತ್ತೆ, ಜೊತೆಗೊಂದು ಸಾಲು ಇಂಗ್ಲಿಷು. ಮೊದಲ ಅಂಕಿ ನೋಡಿದ್ರೆ ಸಾಕು... ಒಂದು ಅಂದ್ರೆ ಶುರುವಾಗಿದೆ, ತಾಳು. ಎರಡು, ಮುಗೀತು. ಮೂರು, ನೀನು ಹೇಳೋದು ಇನ್ನೂ ಬಾಕಿ ಇದೆ, ಹೇಳು. ನಾಲ್ಕು, ಈಗ ಆಗ್ಲಿಲ್ಲ, ಮತ್ತೆ ಕಳಿಸು. ಐದು ಬಂತೋ, ತಲೆಕೆಳಗಾಗಿ ನಿಂತ್ರೂ ಆಗಲ್ಲ. ಕೊನೆಗೆ ಬಂದ ಅಂಕೀನ ರಿಜಿಸ್ಟರಲ್ಲಿ ಬರೆದು ಸಹಿ ಹಾಕ್ಬೇಕು.

"ಒಂದಿನ ಹೀಗೇ ಮಳೆ. ನೂರೈವತ್ತು ಬಂತು. ನನಗೋ ಬಸ್ಸಿನ ಆತುರ... ಶುರುವಾದದ್ದು ಮುಗಿಯದೆ ಎಲ್ಲಿಗೆ ಹೋಗುತ್ತೆ ಅಂತ ರಿಜಿಸ್ಟರಲ್ಲಿ ಇನ್ನೂರಿಪ್ಪತ್ತಾರು ಅಂತ ಬರೆದು ಎದ್ದುಬಿಟ್ಟೆ. ಬೆಳಿಗ್ಗೆ ಬಂದು ನೋಡಿದ್ರೆ ಪರದೆ ಮೇಲೆ ನಾನೂರಿಪ್ಪತ್ತಾರು! ನಡುವೆ ಲೈನ್ ಕಡಿದು ಹತ್ತೊಂಬತ್ತು ಹೆಸರು ಮಾತ್ರ ತಲುಪಿದ್ವು. ಇಪ್ಪತ್ತನೆಯವಳು ಬಟ್ಟೆ ಹೊಲಿದು ಬದುಕ್ತಿದ್ದ ಹೆಂಗಸು. ಅವಳ ಮೈಗೆ ಆಗದ ಇಂಜೆಕ್ಷನ್ನೇ ಕೊಟ್ಟಿದ್ರು... ಹೆಣ ಆಗ್ಲೇ ಹೊರಗೆ ಬಂದಿತ್ತು. ವಿಚಾರಣೆ ಆಯ್ತು. ನನ್ನ ರಿಜಿಸ್ಟರಲ್ಲಿ 'ಮುಗೀತು' ಅಂತ ಇದೆಯಲ್ಲ, ಆ ಕಡೆ ಕೂತಿದ್ದ ಆಪರೇಟರ್ ಕೆಲಸ ಹೋಯ್ತು. ನಾನು ತುಟಿಪಿಟಕ್ಕೆನ್ನಲಿಲ್ಲ.

"ಮತ್ತೆ ಜೋರು ಮಳೆ ಬಂದ ದಿನ ಪಟ್ಟಿ ಕಳಿಸಿದೆ. ನೂರೈವತ್ತು ಬಂತು. ಆಮೇಲೆ... ಮುನ್ನೂರೈವತ್ತು. ಪಟ್ಟಿ ಕಳಿಸಿದಾಗ ಬರೋ ಅಂಕಿಯೇ ಅಲ್ಲ ಅದು! ಇಂಗ್ಲಿಷ್ ಬಿಟ್ಟು ಬೇರೆ ಗೊತ್ತಿಲ್ಲದ ಯಂತ್ರ ನಮ್ಮ ಮಾತಲ್ಲೇ ಕೇಳ್ತು... 'ಇವತ್ತು ಇಪ್ಪತ್ತನೆಯವರು ಯಾರಮ್ಮ?'

"ಆರು ಗಂಟೆವರೆಗೂ ಕೂತೆ. ಪಟ್ಟಿ ಅಲ್ಲಾಡಲಿಲ್ಲ. ನಲವತ್ತು ಜೀವ ಅದರಲ್ಲಿ. ಫೋನ್ ಮಾಡಿ ಹೇಳ್ಬಹುದಿತ್ತಲ್ಲ ಅಂತೀರಾ? ಹೇಳಿದ್ರೆ ನನ್ನ ಸುಳ್ಳೂ ಹೊರಗೆ ಬರ್ತಿತ್ತು. ಕಣ್ಣು ಮುಚ್ಚಿ ಒಂದು ಹೆಸರು ಟೈಪ್ ಮಾಡ್ದೆ. ತಕ್ಷಣ ಇನ್ನೂರಿಪ್ಪತ್ತಾರು. ಮೂವತ್ತೊಂಬತ್ತು ಜನ ಉಳಿದ್ರು.

"ಆಮೇಲಾಮೇಲೆ ಕಣ್ಣು ತೆರೆದೇ ಆರಿಸ್ತಿದ್ದೆ. ಅಗೋ, ಆ ಕಿಂಡಿಯಿಂದ ಬೆಂಚು ನೋಡ್ತಿದ್ದೆ. ಯಾವ ಬೆಂಚಲ್ಲಿ ನರಪಿಳ್ಳೆಯೂ ಇಲ್ಲವೋ, ಆ ರೋಗಿ. ಕೇಳೋರಿಲ್ಲ, ಗಲಾಟೆ ಇಲ್ಲ. ಪಾಪ ಅನ್ನಿಸ್ತಿತ್ತಾ? ಮೊದಮೊದಲು ಅನ್ನ ಗಂಟಲಲ್ಲಿ ಇಳೀತಿರ್ಲಿಲ್ಲ... ಆಮೇಲೆ ಇಳೀತು.

"ನನ್ನ ಕುರ್ಚೀಲಿ ಈಗ ಬೇರೆಯವನು ಕೂರ್ತಾನೆ. ಕೆಲಸ ಒಪ್ಪಿಸುವಾಗ ಎಲ್ಲ ಹೇಳಿಕೊಟ್ಟಿದ್ದೀನಿ."

ಕಿಂಡಿಯ ಹಿಂದೆ ಎರಡು ಕಣ್ಣು ಬೆಂಚಿನಿಂದ ಬೆಂಚಿಗೆ ಸರಿಯುತ್ತಿದ್ದವು. ಭಾವ ತೆಪ್ಪಗೆ ಕೂತರು. ಅತ್ತೆ ಮಕ್ಕಳನ್ನು ಮುಂದಕ್ಕೆ ಎಳೆದು ಕೂರಿಸಿದಳು.

"ಹಾಂ, ಹೀಗೆ... ಎಲ್ಲರೂ ಕಾಣೋ ಹಾಗೆ. ಏಳನೇ ಬೆಂಚಲ್ಲಿ ಒಬ್ಬಳೇ ಇದ್ದಳಲ್ಲ, ಆ ತಾಯಿ, ಮಗನಿಗೆ ಹಾಲು ತರೋಕೆ ಎದ್ದುಹೋದ್ಲು. ಕೂಗ್ಬೇಡಿ ಅವಳನ್ನ... ಐದಕ್ಕೆ ಇನ್ನೆರಡೇ ನಿಮಿಷ."