ಹೇಳಿಕೊಟ್ಟ ಉತ್ತರ

ನಿಪ್ಪಾಣಿಯ ಒಂದು ದವಾಖಾನೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಬೀಡಿ ಕಟ್ಟುವ ಇಬ್ಬರು ಮುದುಕಿಯರು ಕೂತಿದ್ದರು. ಕಸ್ತೂರೆವ್ವನ ಹಣೆಗೆ ಪಟ್ಟಿ ಕಟ್ಟಿತ್ತು. ಸರ್ವರಬಿ ಅವಳ ಕೈ ಹಿಡಿದಿದ್ದಳು.

“ಕಸ್ತೂರಕ್ಕಾ, ತಪ್ಪ ನಂದ ಐತಿ.”

“ದಿನಾ ಒಂದ ತಗೊಳ್ಳೂ ಸಕ್ಕರಿ ಗುಳಿಗಿ ಮೂರ ನುಂಗಿ, ಚಕ್ಕರ ಬಂದ ಬಿದ್ದಾಕಿ ನಾನು. ನಿಂದೇನ ತಪ್ಪ?”

“ಗುಳಿಗಿ ಚೀಟಿ ಓದಾಕ ಯಾರಿಗೆ ಬರತೈತಿ ಅಂತ ನೋಡಾಕ ಬಂದ ಸರ್ವೇದ ಹುಡುಗಿ ಎಲ್ಲಾರಿಗೂ ಒಂದ ಚೀಟಿ ತೋರಿಸಿ ಕೇಳಿದಾಗ, ಹಿಂದ ನಿಂತ ನಿನಗ ಎಲ್ಲಾ ಉತ್ತರ ಹೇಳಿಕೊಟ್ಟೆ.”

“ನನ್ನ ಮರ್ಯಾದಿ ಉಳಿಸಿದಿ. ಓದಾಕ ಬರೂದಿಲ್ಲಂತ ಎಲ್ಲಾರ ಮುಂದ ಹೆಂಗ ಹೇಳ್ಲಿ?”

“ಉತ್ತರ ಬರದವರ ಮನಿಗೆ ನರ್ಸಬಾಯಿ ಹೋಗಿ, ಯಾವ ಗುಳಿಗಿ ಯಾವಾಗಂತ ತಿಳಿಸಿ ಹೇಳ್ಯಾಳ. ನಿನಗ ಎಲ್ಲಾ ತಿಳೀತೈತಿ ಅಂತ ಬರಕೊಂಡ್ರು. ನಿನ್ನ ಮನಿಗೆ ಯಾರೂ ಬರಲಿಲ್ಲ.”

ಕಸ್ತೂರೆವ್ವ ಅವಳ ಕಡೆ ತಿರುಗಿದಳು.

“ನಿನಗರ ಓದಾಕ ಬರತೈತೇನ?”

ಸರ್ವರಬಿ ತಲೆ ತಗ್ಗಿಸಿದಳು. “ಇಲ್ಲಕ್ಕಾ. ಸರತಿ ಸಾಲಿನಾಗ ನಮ್ಮ ಮುಂದ ನಿಂತಾಕಿ ಹೇಳಿದ ಉತ್ತರ ಕೇಳಿ ನೆನಪಿಟ್ಟಿದ್ದೆ.”

“ಮತ್ತ ನಿನ್ನ ಬಿಪಿ ಗುಳಿಗಿ?”

“ಅಂದಾಜಲೆ ತಗೋತೇನಿ.”

ಒಳಗಿನಿಂದ ಕಸ್ತೂರೆವ್ವನ ಹೆಸರು ಕೂಗಿದರು. ಅವಳು ಎದ್ದಳು, ಕೈ ಮಾತ್ರ ಬಿಡಲಿಲ್ಲ.

“ನೀನೂ ಬಾ. ಇಬ್ಬರಿಗೂ ಓದಾಕ ಬರೂದಿಲ್ಲಂತ ಡಾಕ್ಟರಗ ನಾನ ಹೇಳ್ತೇನಿ.”