ಬೈರಣ್ಣನವರ ಭಾನುವಾರ

ಬೈರಣ್ಣನವರ ಹೆಂಡತಿ ಅಂಜನಮ್ಮನವರಿಗೆ, ಅವರ ಮಗ ಮನುವಿಗೆ, ನಮ್ಮ ಕಲ್ಯಾಣ ಮಂಟಪದ ಯಜಮಾನರು ಗಂಗಾಧರಯ್ಯನವರಿಗೆ, ಬನಶಂಕರಿ, ಸಾರಕ್ಕಿ ಕಡೆಯಿಂದ ಬಂದು ಕೂತಿರುವ ಎಲ್ಲರಿಗೂ ಈ ತಿಮ್ಮಕ್ಕನ ನಮಸ್ಕಾರ. ಮಂಟಪದ ಪಾತ್ರೆ ಉಗ್ರಾಣ ನನ್ನದು. ಬೈರಣ್ಣನವರದು ಗೇಟು. ಹನ್ನೆರಡು ವರ್ಷ ಜೊತೆಯಲ್ಲಿ ಕೆಲಸ ಮಾಡಿದೆವು. ನಾನು ಓದಿದ್ದು ಹಳ್ಳಿ ಶಾಲೆಯ ಮೂರನೇ ಕ್ಲಾಸು. ತಪ್ಪಿದರೆ ನಡುವೆ ತಿದ್ದಬೇಡಿ.

ಅವರು ಹೋಗಿ ಹನ್ನೊಂದು ದಿನವಾಯಿತು. ನನಗೆ ಅಳು — ಬಂದಿಲ್ಲ.

ಮಾತನಾಡಿದವರೆಲ್ಲ ವೀರಯೋಧ, ವೀರಯೋಧ ಅಂದಿರಿ. ನಾನೂ ಒಮ್ಮೆ ಕೇಳಿದ್ದೆ. "ಎಷ್ಟು ಜನಾನ ಹೊಡೆದ್ರಿ ಬೈರಣ್ಣ?"

"ಒಬ್ಬರನ್ನೂ ಇಲ್ಲಕ್ಕ. ಹೊಡೆಯೋರಿಗೆ ಲಾರೀಲಿ ಅಕ್ಕಿ ಬೇಳೆ ತಗೊಂಡು ಹೋಗ್ತಿದ್ದೆ. ಆ ಮಂಜಲ್ಲಿ ಲಾರಿ ಸ್ಟಾರ್ಟ್ ಮಾಡೋದೇ ಒಂದು ಯುದ್ಧ."

"ಮೀಸೆ ನೋಡಿದ್ರೆ ಹಂಗನ್ಸಲ್ಲ" ಅಂದೆ. ನಕ್ಕರು.

ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು, ತೊಂಬತ್ತೊಂದರಲ್ಲಿ ಇಲ್ಲಿ ಸೇರುವಾಗ ಯಜಮಾನರಿಗೆ ಒಂದೇ ಮಾತು ಹೇಳಿದರು — ಭಾನುವಾರ ಬರುವುದಿಲ್ಲ. ಕಲ್ಯಾಣ ಮಂಟಪದಲ್ಲಿ ಭಾನುವಾರ ರಜೆ ಕೇಳುವವರುಂಟೇ? ಇವರು ಕೇಳಿದರು. ಯಜಮಾನರು ಕೊಟ್ಟರು. "ಇಪ್ಪತ್ತು ವರ್ಷ ಅವಳೊಬ್ಬಳೇ ಮನೆ ನಡೆಸಿದ್ಳು. ಭಾನುವಾರ ನಾನು ಅವಳ ಕೈಕೆಳಗೆ" ಅನ್ನುತ್ತಿದ್ದರು. ಹಂಡೆಗೆ ನೀರು ತುಂಬಿ, ಒಲೆ ಹಚ್ಚಿ, ಹೆಂಡತಿಯ ತಲೆಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಯಾರಿಗೂ ಹೇಳಬೇಡಿ ಅಂದಿದ್ದರು. ಹೇಳಿದೆ.

ಈಗ — ಆ ಭಾನುವಾರ. ಉಗ್ರಾಣದ ಬಾಗಿಲಲ್ಲಿ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿಯಿತು. ಭಾನುವಾರ ಅವರನ್ನು ಕರೆಸಿದ್ದು ಯಾರು ಎಂದು ಅಂಜನಮ್ಮ ಬಂದವರನ್ನೆಲ್ಲ ಕೇಳುತ್ತಿದ್ದಾರೆ. ತಿಮ್ಮಕ್ಕ ಮಂಡಿನೋವಿನಿಂದ ಮಲಗಿದ್ದಳು, ಅದಕ್ಕೆ ಯಜಮಾನರು ಕರೆಸಿದರು ಅಂತ ನೀವೆಲ್ಲ ಅಂದುಕೊಂಡಿದ್ದೀರಿ. "ನಾನು ಕರೆಸಲಿಲ್ಲ" ಅಂತ ಯಜಮಾನರು ಹೇಳಿದರೂ ಯಾರೂ ನಂಬಲಿಲ್ಲ. ಮನು ಯಜಮಾನರ ಮುಖ ನೋಡುತ್ತಿಲ್ಲ.

ಕರೆದದ್ದು ನಾನು.

ಹುಳಿಮಾವಿನಲ್ಲಿ ನನ್ನ ತಂಗಿ ಮನೆಯ ಬೀಗರೂಟವಿತ್ತು. ಅದೇ ದಿನ ಮಂಟಪದಲ್ಲಿ ದೊಡ್ಡ ಮದುವೆ. ಬಾಡೂಟಕ್ಕೆ ಯಾರು ರಜೆ ಕೊಡುತ್ತಾರೆ? ಶನಿವಾರ ಬೈರಣ್ಣನವರ ಮುಂದೆ ಕುಂಟಿದೆ — ಹೀಗೆ. "ಒಂದಿನ ಉಗ್ರಾಣ ನೋಡ್ಕೊಳ್ಳಿ, ನಿಂತ್ಕೊಳ್ಳಕ್ಕೇ ಆಗ್ತಿಲ್ಲ" ಅಂದೆ.

"ನಿನ್ನೆ ಬಲ ಮಂಡಿ ಅಂದ್ರಿ, ಇವತ್ತು ಎಡ ಮಂಡಿ ಹಿಡ್ಕೊಂಡಿದೀರಿ" ಅಂದರು. "ಹೋಗ್ಬನ್ನಿ ಅಕ್ಕ. ಬೋಟಿ ಚೆನ್ನಾಗಿದ್ರೆ ನನಗೂ ಒಂದು ಡಬ್ಬಿ ತನ್ನಿ."

ಎರಡು ಸಲ ಬಡಿಸಿಕೊಂಡು ತಿಂದೆ. ಡಬ್ಬಿ ಕಟ್ಟಿಸಿಕೊಂಡು ಬಂದೆ. ಗೇಟಿನಲ್ಲಿ ಸುದ್ದಿ ಹೇಳಿದರು. ಡಬ್ಬಿ ಇನ್ನೂ ಬೆಚ್ಚಗಿತ್ತು.

ಅಂಜನಮ್ಮ, ನಿಮ್ಮ ಭಾನುವಾರ ಕಿತ್ತುಕೊಂಡವಳು ನಾನು. ಕ್ಷಮಿಸಿ ಅಂತ ಈ ಮೈಕಿನಲ್ಲಿ ಕೇಳುವುದಿಲ್ಲ. ಇಷ್ಟು ಜನರ ಎದುರು ಕೇಳಿದರೆ ನೀವು ಆಗಲಿ ಅನ್ನಲೇಬೇಕಾಗುತ್ತದೆ. ಮನೆಗೆ ಬರುತ್ತೇನೆ. ಬಾಗಿಲು ತೆಗೆಯುವುದು, ಬಿಡುವುದು ನಿಮಗೆ ಬಿಟ್ಟದ್ದು.

ಎಲ್ಲರೂ ಎದ್ದು ನಿಲ್ಲಿ. ಮನು, ನೀನು ಯಜಮಾನರ ಪಕ್ಕಕ್ಕೆ ಬಂದು ನಿಲ್ಲಪ್ಪ.

ಎರಡು ನಿಮಿಷ — ಯಾರೂ ಮಾತಾಡುವುದು ಬೇಡ.